ಕೈ ಕಾಣುವಷ್ಟು ಬೆಳಕು

ಬುಧವಾರ ಮಧ್ಯಾಹ್ನ ಮೂರು ಗಂಟೆಯಾದರೂ ಲುಂಬಿನಿಯ ಕಂಪ್ಯೂಟರಿಗೆ ಹೊಸ ಕ್ಯಾಮೆರಾ ಕಂಡಿರಲಿಲ್ಲ. ವೈರು ಚುಚ್ಚಿದಳು, ಕಿತ್ತಳು, ಮತ್ತೆ ಚುಚ್ಚಿದಳು. ಮೆಷಿನ್ನನ್ನು ಎರಡು ಸಲ ಬಂದ್ ಮಾಡಿ ಚಾಲೂ ಮಾಡಿದಳು. ಪರದೆಯ ಮೇಲೆ ಅದೇ ಸಾಲು ಬರುತ್ತಿತ್ತು: ಯಾವ ಕ್ಯಾಮೆರಾವೂ ಇಲ್ಲ.

ಚಿತ್ತಾಪುರದ ಕೋರ್ಟಿನ ಎದುರು ಸಾಲಿನಲ್ಲಿ ಅವಳದು ಎಂಟಡಿ ಅಗಲದ ಅಂಗಡಿ. ಅಫಿಡವಿಟ್, ಅರ್ಜಿ, ಬಾಡಿಗೆ ಕರಾರು ಟೈಪ್ ಮಾಡಿಕೊಡುತ್ತಿದ್ದಳು. ಆ ಹಳೆಯ ಕಂಪ್ಯೂಟರ್ ಹೊಸ ವಿಂಡೋಸಿನ ಭಾರ ತಾಳದೆ ಕುಸಿದಾಗ, ಡಿಪ್ಲೊಮಾದಲ್ಲಿ ಅಷ್ಟಿಷ್ಟು ಕಲಿತಿದ್ದ ಲಿನಕ್ಸನ್ನು ತಾನೇ ಹಾಕಿಕೊಂಡಿದ್ದಳು. ಅಂದಿನಿಂದ ಅದು ತಕರಾರು ಮಾಡಿದ್ದಿಲ್ಲ. ಆದರೆ ಈ ಕ್ಯಾಮೆರಾದ ಡಬ್ಬಿಯ ಮೇಲೆ ಲಿನಕ್ಸಿನ ಹೆಸರೇ ಇರಲಿಲ್ಲ. "ಹಚ್ಚಿ ನೋಡ್ರಿ ಅಕ್ಕಾ, ನಡೀಲಿಲ್ಲಂದ್ರ ವಾಪಸ್ ತಗೋತೀನಿ" ಎಂದಿದ್ದ ಮೊಬೈಲ್ ಅಂಗಡಿಯ ಅಮೀರ್ ಅಲಿ.

ವಾಪಸ್ ಕೊಟ್ಟು ಬೇರೆ ತರುವುದಕ್ಕೆ ದಿನ ಎಲ್ಲಿತ್ತು? ನಾಳೆ ಹನ್ನೊಂದಕ್ಕೆ ವಿಚಾರಣೆ.

ಪಕ್ಕದ ಸ್ಟೂಲಿನ ಮೇಲೆ ಅಣ್ಣ ಸಾಯಿಕುಮಾರ ಕೂತಿದ್ದ. ಮೂವತ್ತೊಂದು ವರ್ಷ. ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಏಳನೆಯ ಇಯತ್ತೆಯವರೆಗೆ ಕಲಬುರಗಿಯ ಕಿವುಡ ಮಕ್ಕಳ ಶಾಲೆಯಲ್ಲಿದ್ದ. ಅಪ್ಪ ತೀರಿಕೊಂಡ ಮೇಲೆ ವಾಡಿಗೆ ಬಂದು ಕೂಲಿ ಹಿಡಿದ. ಶಾಲೆಯಲ್ಲಿ ಕಲಿತ ಸನ್ನೆ ಭಾಷೆ ಬಲ್ಲವರು ವಾಡಿಯಲ್ಲಿ ಒಬ್ಬರೂ ಇರಲಿಲ್ಲ. ಮನೆಯಲ್ಲಿ ಊಟ, ನಿದ್ದೆ, ಜ್ವರ, ಸಂಬಳ ಇಂಥವಕ್ಕೆ ತಾಯಿಯೂ ತಂಗಿಯೂ ತಮ್ಮವೇ ಸನ್ನೆ ಮಾಡಿಕೊಂಡಿದ್ದರು. ಅಷ್ಟರಲ್ಲಿ ಬದುಕು ನಡೆದಿತ್ತು. ಅಣ್ಣ ಏನು ಹೇಳುತ್ತಾನೆಂದು ಊರಿನವರು ಲುಂಬಿನಿಯನ್ನು ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು.

ಈಗ ಅವನು ಮೊಣಕಾಲು ಕುಣಿಸುತ್ತ ಪರದೆಯನ್ನೂ ಅವಳ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದ. ಆ ಮೊಣಕಾಲು ಮೇಜಿಗೆ ತಾಗಿ ಇಡೀ ಮೇಜು ನಡುಗುತ್ತಿತ್ತು. ಅವಳು ಅವನ ತೊಡೆಯ ಮೇಲೆ ಕೈಯಿಟ್ಟು ತಡೆದಳು. ಅವನು ನಿಲ್ಲಿಸಿದ. ಅರೆಗಳಿಗೆಯಲ್ಲಿ ಮತ್ತೆ ಶುರುವಾಯಿತು.

ಮೇ ತಿಂಗಳ ಕೊನೆಯಲ್ಲಿ, ಶಹಾಬಾದ್ ಕಡೆಯ ಫರ್ಸಿ ಕಲ್ಲಿನ ಗಣಿಯಲ್ಲಿ ಖಂಡೆಪ್ಪ ಸತ್ತಿದ್ದ. ಸಾಯಿಕುಮಾರನ ಜೋಡಿ ಹಾಸುಗಲ್ಲು ಹೊರುತ್ತಿದ್ದವನು. ಕಬ್ಬಿಣದ ಚೌಕಟ್ಟಿಗೆ ಒರಗಿಸಿ ಹಗ್ಗ ಬಿಗಿದಿದ್ದ ಕಲ್ಲಿನ ಸಾಲು ಅವನ ಮೇಲೆ ಬಿದ್ದಿತ್ತು. ಆ ಹೊತ್ತಿಗೆ ಚೌಕಟ್ಟಿನ ಬಳಿ ಇದ್ದವರು ಇಬ್ಬರೇ, ಖಂಡೆಪ್ಪ ಮತ್ತು ಸಾಯಿಕುಮಾರ. ಕಲ್ಲು ತುಂಬಲು ಬಂದಿದ್ದ ಟ್ರ್ಯಾಕ್ಟರಿನ ಡ್ರೈವರ್ ಅವತ್ತೇ ಊರು ಬಿಟ್ಟವನು ಮತ್ತೆ ಸಿಕ್ಕಿರಲಿಲ್ಲ.

"ಖಂಡೆಪ್ಪ ಹೇಳದ ಕೇಳದ ಹಗ್ಗ ಬಿಚ್ಚಿದ. ತನ್ನ ತಪ್ಪಿನಿಂದ ತಾನ ಸತ್ತ" ಎಂದು ಗಣಿಯ ಸೂಪರ್‌ವೈಸರ್ ತಮ್ಮಣ್ಣ ಬರೆದುಕೊಟ್ಟಿದ್ದ. ಖಂಡೆಪ್ಪನ ಹೆಂಡತಿ ಮಹಾದೇವಮ್ಮನ ಪರವಾಗಿ ವಕೀಲ ಗುರುಲಿಂಗಯ್ಯ ನಿಂತಿದ್ದರು. ಜೂನ್‌ನಲ್ಲಿ ಮೊದಲ ಸಲ ಸಾಯಿಕುಮಾರನ ಹೇಳಿಕೆ ತೆಗೆದುಕೊಂಡಾಗ ಅವನ ಸನ್ನೆಗಳನ್ನು ಬಿಡಿಸಿ ಹೇಳಿದವಳು ಲುಂಬಿನಿ. ಹಗ್ಗ ಹಳೆಯದಾಗಿತ್ತು, ಹರಿಯಿತು, ಕಲ್ಲು ಬಿತ್ತು. ತಂಗಿಯ ಮಾತು ನಂಬುವುದು ಹೇಗೆ ಎಂದು ಗಣಿಯವರು ತಕರಾರು ತೆಗೆದರು. ಹಾಗಾಗಿ ಸನ್ನೆ ಭಾಷೆ ಬಲ್ಲ ಹೊರಗಿನವರೊಬ್ಬರು ವಿಡಿಯೋದಲ್ಲಿ ಕೂತು ಹೇಳಲಿ ಎಂದು ವಿಚಾರಣೆಯ ಅಧಿಕಾರಿ ಒಪ್ಪಿದ್ದರು. ಮೊಬೈಲ್ ನಡೆಯುವುದಿಲ್ಲ, ದೊಡ್ಡ ಪರದೆಯ ಮೇಲೆ ಎಲ್ಲರಿಗೂ ಕಾಣಬೇಕು, ರೆಕಾರ್ಡ್ ಆಗಬೇಕು. ಕಚೇರಿಯ ಕಂಪ್ಯೂಟರಿಗೆ ಕ್ಯಾಮೆರಾ ಇಲ್ಲ, ಸಾಮಾನು ನೀವೇ ತನ್ನಿ ಎಂದಿದ್ದರು.

ಲುಂಬಿನಿಗೆ ಒಳಗೊಳಗೆ ಹತ್ತಿಕೊಂಡಿದ್ದ ಬೇಗುದಿ ಬೇರೆಯದು. ಖಂಡೆಪ್ಪ ಸತ್ತ ನಾಲ್ಕನೆಯ ದಿನ ಸಾಯಿಕುಮಾರ ಹಳೆಯ ಅರ್ಜಿಯೊಂದರ ಬೆನ್ನಿಗೆ ಪೆನ್ನಿನಿಂದ ಬರೆದಿದ್ದ: "ನಾ ಖಂಡೆಪ್ಪ ಎಳೆ ಕಲ್ಲು." ಅವನಿಗೆ ಬರುತ್ತಿದ್ದುದು ಬಿಡಿ ಶಬ್ದಗಳಷ್ಟೇ. ಬರೆದು, ಎರಡು ಮುಷ್ಟಿ ಮಾಡಿ ಎಳೆದು ತೋರಿಸಿ, ಹಣೆ ಹಣೆ ಬಡಿದುಕೊಂಡು ಅತ್ತಿದ್ದ. ನಾನು ಖಂಡೆಪ್ಪನನ್ನು ಎಳೆದೆ. ಅವಳು ಓದಿದ್ದು ಹಾಗೆ. ಅಣ್ಣನೇ ಅವನನ್ನು ಕಲ್ಲಿನ ಕೆಳಗೆ ಎಳೆದನೇ? ತಮಾಷೆಗೋ, ಜಗಳದಲ್ಲೋ, ಗೊತ್ತಿಲ್ಲದೆಯೋ? ಚೀಟಿಯನ್ನು ಅವಳು ಒಲೆಗೆ ಹಾಕಿದಳು. ಮುಷ್ಟಿಯ ಸನ್ನೆಗೆ ಹಗ್ಗ ಹರಿಯಿತೆಂಬ ಅರ್ಥ ಕೊಟ್ಟಳು. ಅದನ್ನೇ ವಕೀಲರಿಗೆ ಹೇಳಿದಳು, ಅದನ್ನೇ ಅಧಿಕಾರಿಗೆ ಹೇಳಿದಳು.

ಯುಎಸ್‌ಬಿ ಪಟ್ಟಿ ತೋರಿಸುವ ಕಮಾಂಡ್ ಕೊಟ್ಟು ನೋಡಿದಳು. ಕೀಬೋರ್ಡ್ ಇತ್ತು, ಮೌಸ್ ಇತ್ತು, ಪ್ರಿಂಟರ್ ಇತ್ತು. ಕ್ಯಾಮೆರಾದ ಸುಳಿವಿಲ್ಲ. ಅಂದರೆ ತೊಂದರೆ ಲಿನಕ್ಸಿನದಲ್ಲ, ವೈರೇ ಮುಟ್ಟುತ್ತಿಲ್ಲ. ಪೆಟ್ಟಿಗೆಯ ಮುಂದಿನ ತೂತು ಸಡಿಲಾಗಿತ್ತೇನೋ. ಮೇಜಿನ ಕೆಳಗೆ ನುಗ್ಗಿ, ಜೇಡರಬಲೆ ಸರಿಸಿ, ಹಿಂದಿನ ತೂತಿಗೆ ಚುಚ್ಚಿದಳು. ಪಟ್ಟಿಯಲ್ಲಿ ಹೊಸ ಸಾಲೊಂದು ಮೂಡಿತು. ಕ್ಯಾಮೆರಾ ನೋಡುವ ಪ್ರೋಗ್ರಾಮ್ ತೆರೆದರೆ ಕರಿ ಪರದೆ. ವಿಡಿಯೋ ಸೊನ್ನೆ, ವಿಡಿಯೋ ಒಂದು ಎಂದು ಒಂದೇ ಕ್ಯಾಮೆರಾಕ್ಕೆ ಎರಡು ಹೆಸರು ಬಂದಿದ್ದವು. ಪ್ರೋಗ್ರಾಮ್ ಎರಡನೆಯದನ್ನು ಹಿಡಿದು ಕೂತಿತ್ತು, ಅದರಲ್ಲಿ ಚಿತ್ರವೇ ಬರುವುದಿಲ್ಲ. ಸೊನ್ನೆಗೆ ಬದಲಿಸಿದಳು. ಸಾಯಿಕುಮಾರನ ಮುಖ ಪರದೆ ತುಂಬ ಬಂತು. ಅವನು ತನ್ನನ್ನು ತಾನು ನೋಡಿ ಬೆಚ್ಚಿ, ಕೂದಲು ಸರಿಮಾಡಿಕೊಂಡ.

ನಾಲ್ಕು ಗಂಟೆಗೆ ಮೈಸೂರಿನಿಂದ ಜಬೀನ್ ಟೀಚರ್ ಕರೆಗೆ ಬಂದರು. ಕಲಬುರಗಿಯ ಶಾಲೆಯಲ್ಲಿ ಸಾಯಿಕುಮಾರನಿಗೆ ಮೂರು ವರ್ಷ ಪಾಠ ಹೇಳಿದವರು. ಅವರ ನಂಬರು ಹೋದ ವಾರವಷ್ಟೇ ಸಿಕ್ಕಿತ್ತು. ಪರದೆಯಲ್ಲಿ ಅವರ ಮುಖ ಕಂಡದ್ದೇ ಸಾಯಿಕುಮಾರ ಎದ್ದು ನಿಂತ. ಎರಡೂ ಕೈ ಎತ್ತಿ ಏನೋ ಹೇಳಿದ. ಟೀಚರ್ ನಕ್ಕು ತಮ್ಮ ಕೈಗಳಿಂದ ಏನೋ ಹೇಳಿದರು. ಹದಿನೇಳು ವರ್ಷದ ಮೇಲೆ ಅವನೊಂದಿಗೆ ಒಬ್ಬರು ಅವನ ಭಾಷೆಯಲ್ಲಿ ಮಾತಾಡುತ್ತಿದ್ದರು. ಲುಂಬಿನಿಗೆ ಒಂದಕ್ಷರ ತಿಳಿಯಲಿಲ್ಲ.

"ನಾಳಿ ಹೇಳೋದನ್ನ ಜರಾ ಈಗ ಹೇಳ್ಲಿ. ನನಗೂ ಅಂದಾಜು ಸಿಗ್ತದ" ಎಂದರು ಟೀಚರ್.

ಸಾಯಿಕುಮಾರ ಶುರುಮಾಡಿದ. ಕೈಗಳು ಓಡಿದವು. ಟೀಚರ್ ಮುಖ ಗಂಟಿಕ್ಕಿತು.

"ಲುಂಬಿನಿ, ಚಿತ್ರ ತಡಕೊಂಡು ತಡಕೊಂಡು ಬರ್ಲಿಕತ್ತದ. ಕೈ ಇಲ್ಲಿ ಇರ್ತಾವ, ಒಮ್ಮೆಲೆ ಅಲ್ಲಿ. ನಡುವಿಂದು ಏನೂ ಕಾಣ್ವಲ್ದು. ನಿಧಾನ ಮಾಡು ಅಂತ ಹೇಳ್ತೀನಿ ತಡಿ."

ಅವನು ಎರಡು ಸನ್ನೆ ನಿಧಾನ ಮಾಡಿದ. ಮೂರನೆಯದಕ್ಕೆ ಮತ್ತೆ ಕೈ ತಪ್ಪಿ ಓಡಿದವು. ಮೂರು ತಿಂಗಳು ಒಳಗೇ ಇಟ್ಟುಕೊಂಡದ್ದು ನಿಧಾನ ಬರುವಂತಿರಲಿಲ್ಲ.

"ಮುಷ್ಟಿ ಮಾಡ್ಯಾನ. ಆಮ್ಯಾಲೆ ಎರಡೂ ಕೈ ಬ್ಯಾರೆ ಕಡಿ. ಹರೀತು ಅಂತಾನೇನು? ಏನರ ಹರೀತೇನು?"

"ಹೌದ್ರಿ ಟೀಚರ್, ಹಗ್ಗ ಹರೀತು ಅಂತಾನ" ಎಂದಳು ಲುಂಬಿನಿ. ಮಾತು ತಾನಾಗಿ ಬಾಯಿಗೆ ಬಂತು.

ಟೀಚರ್ ಅದನ್ನು ಸನ್ನೆ ಮಾಡಿ ಅವನನ್ನು ಕೇಳಿದರು. ಸಾಯಿಕುಮಾರ ಜೋರಾಗಿ ತಲೆಯಾಡಿಸಿದ. ಅಲ್ಲ. ಮತ್ತೆ ಮುಷ್ಟಿ ಮಾಡಿದ, ಮತ್ತೆ ಕೈ ಮಸುಕಾದವು.

"ಅಲ್ಲ ಅಂತಾನ. ಮುಂದಿನ್ದು ತಿಳೀವಲ್ದು."

"ಅಂವ ಘಾಬರಿ ಆಗ್ಯಾನ್ರಿ."

ಸಾಯಿಕುಮಾರ ಅವಳ ತುಟಿಗಳನ್ನು ನೋಡುತ್ತಿದ್ದ. ಏನು ಓದಿಕೊಂಡನೋ, ಅಂಗೈಯಿಂದ ಮೇಜಿಗೆ ಒಂದೇಟು ಹಾಕಿದ. ಅವಳ ಬಾಯಿ ತೋರಿಸಿದ, ತನ್ನ ಎದೆ ತೋರಿಸಿದ, ಬೆರಳಾಡಿಸಿ ಬೇಡ ಎಂದ. ಎದ್ದು ಹೊರಗೆ ಹೋಗಿ ರಸ್ತೆಯಂಚಿಗೆ ಬೆನ್ನು ಮಾಡಿ ನಿಂತ.

"ಕ್ಯಾಮೆರಾ ಸುದ್ದ ಮಾಡ್ಕೊಳವ್ವ. ನಾಳಿ ಹಿಂಗಾ ಇದ್ರ ನಾ ಹೌದು, ಅಲ್ಲ ಅಷ್ಟಾ ಹೇಳಬಲ್ಲೆ. ಕಾಣದ್ದು ಕಂಡೀನಿ ಅಂತ ಹೇಳಾಕ ನನಗ ಆಗಂಗಿಲ್ಲ" ಎಂದು ಟೀಚರ್ ಕರೆ ಮುಗಿಸಿದರು. ಅವರಿಗೆ ತರಗತಿಯಿತ್ತು.

ಲುಂಬಿನಿ ನೆಟ್ಟಿನಲ್ಲಿ ಹುಡುಕಿದಳು. ಕಾರಣ ಸಿಗಲು ಹದಿನೈದು ನಿಮಿಷ ಸಾಕಾಯಿತು. ಬೆಳಕು ಸಾಲದಾಗ ಕ್ಯಾಮೆರಾ ತಾನಾಗಿಯೇ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿಡುತ್ತದೆ. ಮುಖ ಬೆಳ್ಳಗೆ ಕಾಣುತ್ತದೆ, ಆದರೆ ಸೆಕೆಂಡಿಗೆ ಮೂವತ್ತು ಬರಬೇಕಾದ ಚಿತ್ರಗಳು ಏಳೆಂಟಕ್ಕೆ ಇಳಿಯುತ್ತವೆ. ಆ ಅಭ್ಯಾಸ ಬಿಡಿಸಲು ಒಂದು ಸಾಲಿನ ಕಮಾಂಡ್ ಇತ್ತು. ಕೊಟ್ಟಳು. ಪರದೆ ಕಪ್ಪಿಟ್ಟಿತು, ಮೋಡ ಕವಿದ ಆಗಸ್ಟಿನ ಸಂಜೆಯ ಹಾಗೆ. ಕ್ಯಾಮೆರಾದ ಮುಂದೆ ತನ್ನ ಕೈ ಆಡಿಸಿದಳು. ಬೆರಳುಗಳು ನೀರಿನಂತೆ ಸರಿದವು, ಒಂದೂ ತಪ್ಪಲಿಲ್ಲ. ಟ್ಯೂಬ್‌ಲೈಟನ್ನು ಹತ್ತಿರ ಸರಿಸಿದರೆ ಮುಖವೂ ಕಂಡಿತು.

ಮುಷ್ಟಿ ಮಾಡಿದಳು. ಹರಿಯುವಂತೆ ಎರಡೂ ಕಡೆ ಜಗ್ಗಿದಳು. ಆಮೇಲೆ ಎದೆಯ ಕಡೆ ಎಳೆದುಕೊಂಡಳು. ಎರಡೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ಕಂಡವು.

ಅಣ್ಣನನ್ನು ಕರೆದು ತೋರಿಸಬೇಕಿತ್ತು. ಕರೆಯಲಿಲ್ಲ. ವೈರು ಕಿತ್ತಳು. ಕಿತ್ತರೆ ಆ ಬದಲಾವಣೆ ಅಳಿಸಿಹೋಗುತ್ತದೆಂದು ಅದೇ ಪುಟದಲ್ಲಿ ಓದಿದ್ದಳು.

ಗುರುವಾರ ಬೆಳಿಗ್ಗೆ ವಾಡಿಯಿಂದ ಚಿತ್ತಾಪುರಕ್ಕೆ ಪ್ಯಾಸೆಂಜರ್ ಗಾಡಿಯಲ್ಲಿ ಮಹಾದೇವಮ್ಮನೂ ಜೊತೆಗೆ ಬಂದಳು. ನಲವತ್ತೈದರ ಹೆಂಗಸು. ಗಾಡಿ ಹತ್ತಿದಾಗಿನಿಂದ ಚೀಲದ ಬಾಯಿ ಬಿಚ್ಚುತ್ತಿದ್ದಳು, ಕಟ್ಟುತ್ತಿದ್ದಳು. ಎದುರಿನ ಸೀಟಿನಲ್ಲಿ ಸಾಯಿಕುಮಾರ ಕಿಟಕಿಗೆ ಮುಖ ಮಾಡಿದ್ದ. ಅವನು ನಿನ್ನೆಯಿಂದ ತಂಗಿಯತ್ತ ನೋಡಿರಲಿಲ್ಲ.

"ಕಾಕಿ, ರೊಟ್ಟಿ ತಿಂದಿ ಏನು?" ಎಂದಳು ಲುಂಬಿನಿ, ಏನಾದರೂ ಮಾತಾಡಬೇಕೆಂದು.

"ಗಂಟಲಾಗ ಇಳೀವಲ್ದು." ಮಹಾದೇವಮ್ಮ ಚೀಲದ ಬಾಯಿ ಮತ್ತೆ ಕಟ್ಟಿದಳು. "ಒಬ್ಬರು ಹಗ್ಗ ಬಿಚ್ಚಿದ ಅಂತಾರ. ಒಬ್ಬರು ಹಗ್ಗ ಹರೀತು ಅಂತಾರ. ಕುಡದಿದ್ದ ಅಂತ ಅಂದವರೂ ಅದಾರ. ಅಂವ ಕಡೀ ಗಳಿಗ್ಯಾಗ ಏನ್ ಮಾಡ್ಲಿಕತ್ತಿದ್ದ ಅಂಬೋದು ನನಗ ಬೇಕು ಯವ್ವಾ. ಛಲೋದಿರ್ಲಿ, ಕೆಟ್ಟದಿರ್ಲಿ. ಕೇಸ್ ಬಿದ್ರ ಬೀಳ್ಲಿ. ಗೊತ್ತಿಲ್ಲದ ಹ್ಯಾಂಗ ಬದಕ್ಲಿ?"

ನಾಲವಾರದ ಕಡೆಯಿಂದ ಬಂದ ಗೂಡ್ಸ್ ಗಾಡಿಗೆ ದಾರಿ ಬಿಡಲು ಇವರ ಗಾಡಿ ವಾಡಿ ಸ್ಟೇಷನ್ನಿನ ಹೊರಗೇ ನಿಂತುಬಿಟ್ಟಿತ್ತು. ಲುಂಬಿನಿ ಮೂರು ಸಲ ಗಡಿಯಾರ ನೋಡಿದಳು.

ಕಂಪ್ಯೂಟರ್ ಪೆಟ್ಟಿಗೆ, ಮಾನಿಟರ್, ವೈರುಗಳನ್ನು ಆಟೋದಲ್ಲಿ ಹೇರಿಕೊಂಡು ಅಧಿಕಾರಿಯ ಕಚೇರಿಯ ಮಹಡಿ ಹತ್ತುವಾಗ ಹತ್ತೂವರೆ. ಕೋಣೆ ಉದ್ದಕ್ಕಿತ್ತು, ಕತ್ತಲಿತ್ತು. ಮಳೆಯ ಎರಚಲಿಗೆ ಕಿಟಕಿ ಮುಚ್ಚಿದ್ದರು. ಒಂದೇ ಟ್ಯೂಬ್‌ಲೈಟು ದೂರದ ಗೋಡೆಯ ಮೇಲೆ ಉರಿಯುತ್ತಿತ್ತು. ತಮ್ಮಣ್ಣ ಆಗಲೇ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು. "ಬಾ ತಂಗಿ, ಹೆವಿ ಸಾಮಾನು, ಹಿಡೀಲೇನು?" ಎಂದ. ಲುಂಬಿನಿ ಬೇಡವೆಂದಳು. ನೆಟ್ಟಿನ ತಂತಿ ಸಿಕ್ಕಿಸಿ, ಕ್ಯಾಮೆರಾವನ್ನು ಹಿಂದಿನ ತೂತಿಗೇ ಹಚ್ಚಿ, ಸೊನ್ನೆ ನಂಬರ್ ಆರಿಸಿ, ಸಾಯಿಕುಮಾರನ ಸೊಂಟದಿಂದ ಮೇಲೆ ಪೂರ್ತಿ ಕಾಣುವಂತೆ ಕುರ್ಚಿ ಹಿಂದೆ ಸರಿಸಿದಳು. ಎಲ್ಲ ಸರಿಯಿತ್ತು. ಆ ಒಂದು ಸಾಲಿನ ಕಮಾಂಡ್ ಮಾತ್ರ ಕೊಡಲಿಲ್ಲ.

ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು, ಕನ್ನಡಕದ ಮೇಲಿಂದ ನೋಡುವವರು. "ನೀವು ಯಂತ್ರ ನಡೆಸಬೇಕಷ್ಟೆ. ಮಾತು ಆಡಬಾರದು" ಎಂದು ಲುಂಬಿನಿಗೆ ಮೊದಲೇ ಹೇಳಿದರು. ಪರದೆಯಲ್ಲಿ ಜಬೀನ್ ಟೀಚರ್ ಪ್ರಮಾಣ ಮಾಡಿದರು. ಪ್ರಶ್ನೆ ಸರಳವಾಗಿತ್ತು: ಅವತ್ತು ಏನಾಯಿತು?

ಸಾಯಿಕುಮಾರ ಕೈ ಎತ್ತಿದ. ನಾಲ್ಕೈದು ಸನ್ನೆ ಆಗುವಷ್ಟರಲ್ಲಿ ಟೀಚರ್ ತಡೆದರು.

"ಮೇಡಂ, ಚಿತ್ರ ಬರೋಬ್ಬರಿ ಬರ್ಲಿಕತ್ತಿಲ್ರಿ. ಕಲ್ಲು ಅಂದದ್ದು ಕಂಡೈತಿ. ಮುಷ್ಟಿ ಕಂಡಾವ. ಹರೀತು ಅಂತಾನೋ ಬ್ಯಾರೆ ಏನರ ಅಂತಾನೋ, ನಾ ಖಾತ್ರಿ ಹೇಳಲಾರೆ."

ಎರಡನೆಯ ಸಲವೂ ಹಾಗೆಯೇ ಆಯಿತು, ಮೂರನೆಯ ಸಲವೂ. ಸಾಯಿಕುಮಾರನ ಹಣೆಯಲ್ಲಿ ಬೆವರೊಡೆಯಿತು. ಅಧಿಕಾರಿ ಪೆನ್ನು ಕೆಳಗಿಟ್ಟರು.

"ನಾ ಹೇಳ್ತೀನ್ರಿ ಮೇಡಂ," ತಮ್ಮಣ್ಣ ಎದ್ದ, "ಆರು ವರ್ಷ ಕೈ ಕೆಳಗ ಇಟ್ಕೊಂಡೀನಿ. ಇವನ ಕೈ ಬಾಯಿ ಎಲ್ಲಾ ನನಗ ತಿಳೀತದ."

"ನೀವು ಕೂತ್ಕೊಳ್ಳಿ." ಅಧಿಕಾರಿ ಗುರುಲಿಂಗಯ್ಯನವರತ್ತ ತಿರುಗಿದರು. "ಹೀಗಾದರೆ ಎಷ್ಟು ದಿನ ಎಳೆಯೋದು, ವಕೀಲರೇ? ಜೂನ್‌ನಲ್ಲಿ ಕೊಟ್ಟ ಹೇಳಿಕೆ ಇದೆ. ಹಗ್ಗ ಹರಿದು ಕಲ್ಲು ಬಿತ್ತು ಅಂತ. ಬೇರೆ ಪುರಾವೆ ಇಲ್ಲದ್ದಕ್ಕೆ ಅದನ್ನೇ ಇಟ್ಟುಕೊಂಡು ಮುಗಿಸ್ತೀನಿ."

ಗುರುಲಿಂಗಯ್ಯನವರ ಮುಖ ಸಡಿಲಾಯಿತು. ಹಳೆಯ ಹಗ್ಗವೆಂದರೆ ತಪ್ಪು ಗಣಿಯದೇ. ಅವರು ಲುಂಬಿನಿಯತ್ತ ಬಗ್ಗಿ ಪಿಸುಗುಟ್ಟಿದರು, "ಸುಮ್ಮನ ಕುಂದ್ರು. ನಮ್ಮ ಕಡೀನಾ ಆಗ್ಲಿಕತ್ತದ."

ಸುಮ್ಮನೆ ಕೂತರೆ ಸಾಕಿತ್ತು. ಲುಂಬಿನಿ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಅಧಿಕಾರಿ ಮತ್ತೆ ಪೆನ್ನು ಎತ್ತಿದರು. ಹಿಂದಿನ ಬೆಂಚಿನಲ್ಲಿ ಮಹಾದೇವಮ್ಮ ಮುಂದಕ್ಕೆ ಬಾಗಿ, ಯಾರಾದರೂ ಏನಾದರೂ ಹೇಳುತ್ತಾರೇನೋ ಎಂದು ಒಬ್ಬೊಬ್ಬರ ಬಾಯಿಯನ್ನೂ ನೋಡುತ್ತಿದ್ದಳು. ಸಾಯಿಕುಮಾರನಿಗೆ ಯಾರೂ ಏನೂ ತಿಳಿಸಿರಲಿಲ್ಲ. ಆದರೂ ಮುಗಿಯುತ್ತಿದೆಯೆಂದು ಅವನಿಗೆ ತಿಳಿದುಹೋಗಿತ್ತು. ಕೈಗಳನ್ನು ತೊಡೆಯ ಮೇಲಿಟ್ಟು, ನಿನ್ನೆಯಿಂದ ಮೊದಲ ಸಲ ಅವನು ತಂಗಿಯನ್ನು ನೋಡಿದ. ಸಿಟ್ಟಿರಲಿಲ್ಲ. ದಣಿವಿತ್ತು.

"ಮೇಡಂ," ಲುಂಬಿನಿ ಎದ್ದು ನಿಂತಳು, "ನನಗ ಎರಡು ಮಿನಿಟ್ ಕೊಡ್ರಿ. ಕ್ಯಾಮೆರಾ ಸರಿ ಮಾಡ್ತೀನಿ."

"ಇಷ್ಟು ಹೊತ್ತು ಏನು ಮಾಡ್ತಿದ್ರಿ?"

"ತಪ್ಪಾಗ್ಯದ್ರಿ. ಎರಡಾ ಮಿನಿಟ್."

ಗುರುಲಿಂಗಯ್ಯ ಅವಳ ತೋಳು ಹಿಡಿಯಹೋದರು; ಅವಳು ಅಷ್ಟರಲ್ಲಿ ಕೀಬೋರ್ಡಿನ ಮುಂದಿದ್ದಳು. ಮೊದಲ ಸಲ ಅಕ್ಷರ ತಪ್ಪಿ ಕಂಪ್ಯೂಟರ್ ಗುರ್ರೆಂದಿತು. ಎರಡನೆಯ ಸಲ ಸರಿಯಾಗಿ ಬಿತ್ತು. ಪರದೆ ಕಪ್ಪಿಟ್ಟಿತು. "ಏನಾಯ್ತು, ಸುಟ್ಟಿತೇನು?" ಎಂದ ತಮ್ಮಣ್ಣ. ಲುಂಬಿನಿ ಹೋಗಿ ಕಿಟಕಿಯ ಚಿಲಕ ಜಗ್ಗಿದಳು. ಮಳೆಗೆ ಉಬ್ಬಿದ ಬಾಗಿಲು ಬರಲಿಲ್ಲ. ಮಹಾದೇವಮ್ಮ ಬೆಂಚಿನಿಂದ ಎದ್ದು ಬಂದು ಜೊತೆಗೆ ಕೈ ಹಾಕಿದಳು. ಬಾಗಿಲು ತೆರೆದು ಎರಚಲೂ ಬೆಳಕೂ ಒಟ್ಟಿಗೆ ಒಳಗೆ ಬಂದವು. ಅಧಿಕಾರಿ ಕಾಗದಗಳನ್ನು ಎದೆಗೆ ಎತ್ತಿಕೊಂಡರು. ಲುಂಬಿನಿ ಅಣ್ಣನ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದಳು.

"ಬಂತು," ಎಂದರು ಜಬೀನ್ ಟೀಚರ್ ಪರದೆಯಿಂದ. "ಬರೋಬ್ಬರಿ ಬಂತು. ಬೆರಳು ಬೆರಳೂ ಕಾಣ್ತಾವ."

ಆಮೇಲೆ ಸಾಯಿಕುಮಾರ ಹೇಳಿದ. ಟೀಚರ್ ಅವನ ಕೈಗಳ ಹಿಂದೆಯೇ ಮಾತು ಹೊಂದಿಸುತ್ತ ಹೋದರು.

"ನಾನು ಕಲ್ಲಿನ ಚೌಕಟ್ಟಿನ ಹಿಂದೆ ಬಗ್ಗಿದ್ದೆ. ಟ್ರ್ಯಾಕ್ಟರ್ ಆಚೆ ಕಡೆ ಇತ್ತು. ನನಗೆ ಅದರ ಸಪ್ಪಳ ಕೇಳುವುದಿಲ್ಲ. ಅದಕ್ಕೆ ಟ್ರ್ಯಾಕ್ಟರ್ ಹಿಂದಕ್ಕೆ ಬರುವಾಗ ಒಬ್ಬರು ನನ್ನ ಮುಂದೆ ನಿಂತು ಕೈ ಮಾಡಬೇಕು. ಅವತ್ತು ಆ ಮನುಷ್ಯ ಇರಲಿಲ್ಲ. ಬೇರೆ ಕೆಲಸಕ್ಕೆ ಕಳಿಸಿದ್ದರು. ಇವರು," ಸಾಯಿಕುಮಾರನ ಬೆರಳು ತಮ್ಮಣ್ಣನತ್ತ ಹೋಯಿತು, "ಇವರು ಕಲ್ಲಿನ ದಿಬ್ಬದ ಮೇಲೆ ನಿಂತು ಟ್ರ್ಯಾಕ್ಟರಿಗೆ ಬಾ ಬಾ ಅಂತ ಕೈ ಬೀಸುತ್ತಿದ್ದರು. ನಾನು ತಲೆ ಎತ್ತಿದಾಗ ಕಂಡೆ. ಖಂಡೆಪ್ಪ ಓಡಿ ಬಂದ. ನನ್ನ ಅಂಗಿ ಹಿಡಿದ. ಎಳೆದ."

ಎರಡು ಮುಷ್ಟಿ ಎದೆಯ ಕಡೆಗೆ ಬಂದವು.

"ಹರೀತು ಅಲ್ಲ ಮೇಡಂ, ಎಳೆದ. ಖಂಡೆಪ್ಪ ನನ್ನನ್ನು ಎಳೆದ. ನಾನು ಹೊರಗೆ ಬಿದ್ದೆ. ಟ್ರ್ಯಾಕ್ಟರ್ ಚೌಕಟ್ಟಿಗೆ ತಾಗಿತು. ಕಲ್ಲು ಅವನ ಮೇಲೆ ಬಿತ್ತು. ನನ್ನ ಮೇಲೆ ಬೀಳಬೇಕಾದದ್ದು."

ಒಲೆಗೆ ಹಾಕಿದ್ದ ಚೀಟಿಯ ಶಬ್ದಗಳನ್ನು ಲುಂಬಿನಿ ಮತ್ತೆ ಹೊಂದಿಸಿ ನೋಡಿದಳು. ನಾ, ಖಂಡೆಪ್ಪ, ಎಳೆ. ನನ್ನನ್ನು ಖಂಡೆಪ್ಪ ಎಳೆದ. ಒಂದು ಪ್ರತ್ಯಯ ಬಿಟ್ಟುಹೋದದ್ದಕ್ಕೆ ಅವಳು ಅಣ್ಣನನ್ನು ಮೂರು ತಿಂಗಳು ಕೊಲೆಗಾರನೆಂದು ಅಂಜಿ, ಆ ಅಂಜಿಕೆಯನ್ನೇ ಅಕ್ಕರೆಯೆಂದುಕೊಂಡು, ಅವನ ಬಾಯಿ ಕಟ್ಟಿದ್ದಳು.

"ಸುಳ್ಳರಿ! ನಾ ಅಲ್ಲಿ ಇದ್ದೇ ಇಲ್ಲ, ಶೆಡ್ಡಿನಾಗ ಇದ್ದೆ" ಎಂದ ತಮ್ಮಣ್ಣ.

ಅಧಿಕಾರಿ ಹಳೆಯ ಕಾಗದ ತಿರುವಿದರು. "ಖಂಡೆಪ್ಪ ಹಗ್ಗ ಬಿಚ್ಚಿದ್ದನ್ನ ಕಣ್ಣಾರೆ ಕಂಡೆ ಅಂತ ಬರೆದುಕೊಟ್ಟಿದ್ದೀರಿ. ಶೆಡ್ಡಿನಿಂದ ಕಾಣ್ತದಾ?"

"ಮಂದಿ ಹೇಳಿದ್ರು ರೀ."

"ಯಾವ ಮಂದಿ? ಚೌಕಟ್ಟಿನ ಬಳಿ ಇದ್ದವರು ಇಬ್ಬರೇ. ಒಬ್ಬ ಸತ್ತ. ಇನ್ನೊಬ್ಬ ಇಲ್ಲಿದ್ದಾನೆ."

ತಮ್ಮಣ್ಣ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. ಅಧಿಕಾರಿ ಬರೆಯುತ್ತಿದ್ದರು. ಲುಂಬಿನಿ ಅವರ ಮೇಜಿನ ಮುಂದೆ ಬಂದಳು. ಜೂನ್‌ನ ಹೇಳಿಕೆ ಅಣ್ಣನದಲ್ಲ, ನನ್ನದು. ತಿಳಿಯದ್ದನ್ನು ತಿಳಿದಂತೆ ಹೇಳಿದ್ದೆ. ಅದನ್ನು ತೆಗೆದುಹಾಕಿ ಎಂದಳು. ಅಧಿಕಾರಿ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಅದನ್ನೂ ಬರೆದುಕೊಡಿ. ಸಹಿ ಹಾಕಿ" ಎಂದಷ್ಟೇ ಹೇಳಿದರು.

ಎಲ್ಲ ಮುಗಿಯಿತು ಅನ್ನುವಾಗ ಮಹಾದೇವಮ್ಮ ಪರದೆಯ ಮುಂದೆ ಬಂದು ನಿಂತಳು. "ಟೀಚರವ್ವಾ, ಒಂದು ಕೇಳ್ಬೇಕಿತ್ತು. ಕಡೀಕ ಅಂವ ಏನರ ಅಂದನೇನು? ನನ್ನ ಹೆಸರು, ಮಕ್ಕಳ ಹೆಸರು, ಏನರ?"

ಟೀಚರ್ ಕೇಳಿದರು. ಸಾಯಿಕುಮಾರನ ಕೈ ಗಾಳಿಯಲ್ಲಿ ನಿಂತವು. ಆಮೇಲೆ ನಿಧಾನ ಆಡಿದವು.

"ಬಾಯಿ ತೆರೆದಿದ್ದ ಅಂತಾನ. ಏನೋ ಅಂದ. ಏನಂದ ಅಂತ ಗೊತ್ತಿಲ್ಲ ಅಂತಾನ. ನನಗ ಕೇಳಂಗಿಲ್ಲ, ಮಾಫ್ ಮಾಡು ಅಂತಾನ."

ಮಹಾದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದಳು. ಗಾಡಿಯಲ್ಲೂ ಅವರೊಂದಿಗೆ ಬರಲಿಲ್ಲ, ಬಸ್ಸು ಹಿಡಿದಳು.

"ನನಗರ ಮೊದ್ಲ ಹೇಳಬೇಕಿತ್ತಲ್ಲವಾ" ಎಂದರು ಗುರುಲಿಂಗಯ್ಯ ಕೆಳಗೆ ಆಟೋ ಹತ್ತಿಸುವಾಗ. ಒಂದು ತಿಂಗಳು ಅವಳ ಅಂಗಡಿಗೆ ಟೈಪಿಂಗ್ ಕಳಿಸಲಿಲ್ಲ.

ವರದಿ ಅಕ್ಟೋಬರಿನಲ್ಲಿ ಬಂತು. ಕೇಳದವನ ಹಿಂದೆ ಗಾಡಿ ಬಿಡಿಸಿದ್ದು, ಎಚ್ಚರಿಸುವ ಮನುಷ್ಯನನ್ನು ತೆಗೆದದ್ದು ಗಣಿಯ ತಪ್ಪು, ಖಂಡೆಪ್ಪನದಲ್ಲ ಎಂದು ಬರೆದಿತ್ತು. ತಮ್ಮಣ್ಣನ ಮೇಲೆ ಕೇಸಾಯಿತು, ಅದಿನ್ನೂ ನಡೆದಿದೆ. ಸಾಯಿಕುಮಾರ ಗಣಿಗೆ ಮತ್ತೆ ಹೋಗಲಿಲ್ಲ. ವಾಡಿಯಲ್ಲಿ ಒಬ್ಬ ಬಡಿಗನ ಹತ್ತಿರ ಕೆಲಸಕ್ಕೆ ಸೇರಿದ. ಭಾನುವಾರಗಳಂದು ಚಿತ್ತಾಪುರಕ್ಕೆ ಬಂದು ತಂಗಿಯ ಅಂಗಡಿಯಲ್ಲಿ ಜಬೀನ್ ಟೀಚರ್ ಜೊತೆ ಮಾತಾಡುತ್ತಾನೆ. ಲುಂಬಿನಿ ಪಕ್ಕದಲ್ಲಿ ಕೂತು ಕಲಿಯುತ್ತಾಳೆ. ಅವಳ ಕೈ ಇನ್ನೂ ಒಡ್ಡೊಡ್ಡು. ತಪ್ಪಿದಾಗ ಅಣ್ಣ ಅವಳ ಬೆರಳು ಹಿಡಿದು ತಿದ್ದುತ್ತಾನೆ, ಕೆಲವೊಮ್ಮೆ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಾನೆ.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಮಹಾದೇವಮ್ಮ ಹೇಳದೆ ಕೇಳದೆ ಅಂಗಡಿಯ ಮುಂದೆ ಬಂದು ನಿಂತಳು. ಒಳಗೆ ಬಂದವಳು ಕೂಡಲಿಲ್ಲ.

"ಅಂವ ಊಟಕ್ಕ ಇವನ ಜೋಡಿ ಕುಂದ್ರತಿದ್ನಲ್ಲ, ಆರು ವರ್ಷ. ಏನ್ ಮಾತಾಡ್ತಿದ್ರು ಕೇಳು."

ಲುಂಬಿನಿ ಟೀಚರ್ ಕಡೆ ನೋಡಲಿಲ್ಲ, ತಾನೇ ಕೇಳಿದಳು. ಸಾಯಿಕುಮಾರ ಎರಡು ಸಲ ಅರ್ಥವಾಗದೆ, ಮೂರನೆಯ ಸಲಕ್ಕೆ ಮುಖ ಅರಳಿಸಿದ. ಮೂಗಿನ ತುದಿಯನ್ನು ಬೆರಳಿಂದ ಮೇಲೆತ್ತಿ, ಕೆನ್ನೆ ಉಬ್ಬಿಸಿ, ಕಣ್ಣು ಕೆರಳಿಸಿ ತೋರಿಸಿದ.

"ಇದೇನು?" ಎಂದಳು ಮಹಾದೇವಮ್ಮ.

ಸಾಯಿಕುಮಾರ ಕೈಗಳಿಂದ ಬಿಡಿಸಿ ಹೇಳಿದ; ಲುಂಬಿನಿ ಪರದೆಯತ್ತ ನೋಡಿದಳು. ಟೀಚರ್ ನಗು ತಡೆಯುತ್ತಿದ್ದರು. "ಅದು ನಿಮ್ಮ ಹೆಸರು ಅಂತ ರೀ. ಖಂಡೆಪ್ಪ ಇಟ್ಟದ್ದು. ಮನ್ಯಾಗ ನೀವು ಸಿಟ್ಟು ಮಾಡಿದ ದಿನ ಬುತ್ತಿ ಬಿಚ್ಚುವಾಗ ಹಿಂಗ ಮಾಡಿ ತೋರಿಸ್ತಿದ್ದನಂತ."

ಮಹಾದೇವಮ್ಮ ತನ್ನ ಮೂಗು ಮುಟ್ಟಿಕೊಂಡಳು. "ನನ್ನ ಮ್ಯಾಲ ಚಾಡಿ ಹೇಳ್ತಿದ್ನೇನು ಮೂಳ!" ಎಂದು ಬೈದಳು. ಬೈಯುತ್ತಲೇ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಸ್ಟೂಲು ಎಳೆದುಕೊಂಡು ಸಾಯಿಕುಮಾರನ ಎದುರು ಕೂತಳು.

"ಮತ್ತೇನಂತಿದ್ದ? ಎಲ್ಲಾ ಹೇಳಂತ ಹೇಳು."

ಅವನು ಹೇಳತೊಡಗಿದ. ವಾಡಿಗೆ ಹೋಗುವ ಸಂಜೆಯ ಗಾಡಿ ತಪ್ಪಿಹೋಯಿತು; ಮೂವರೂ ಎದ್ದದ್ದು ಕಡೆಯ ಬಸ್ಸಿಗೆ.